ಮಂಜುಗಡ್ಡೆಯ ಹಕ್ಕಲು

ಸೋರುವುದನ್ನು ಕಂಡರೆ ನನಗೆ ಆಗದು. ಮನೆಯ ನಲ್ಲಿ ತೊಟ್ಟಿಕ್ಕಿದರೆ ಊಟ ಬಿಟ್ಟು ಎದ್ದು ಹೋಗಿ ವಾಷರ್ ಬದಲಿಸುವವನು ನಾನು. ನೆಂಟರ ಮನೆಗೆ ಹೋದಾಗಲೂ ಬಚ್ಚಲಿನಿಂದ ಟಪ್ ಟಪ್ ಕೇಳಿಸಿದರೆ ಅವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಚೆನ್ನೈನ ಕಾಸಿಮೇಡು ಮೀನುಬಂದರಿನ ಐಸ್ ಕಾರ್ಖಾನೆಯಲ್ಲಿ ನನ್ನನ್ನು ಫೋರ್‌ಮನ್ ಮಾಡಿದ್ದು ಇದೇ ಗುಣ. ಇದೇ ಗುಣದಿಂದ ಒಂದು ತಪ್ಪು ಮಾಡಿದೆ, ಅದನ್ನು ಸರಿಮಾಡಲು ಹೋಗಿ ಇನ್ನೊಂದು ಮಾಡಿದೆ. ಆ ನಾಲ್ಕು ವಾರಗಳ ಕಥೆ ಇದು.

ಮೀನುಗಾರಿಕೆ ನಿಷೇಧದ ಎರಡು ತಿಂಗಳು ಮುಗಿದು ದೋಣಿಗಳೆಲ್ಲ ಮತ್ತೆ ಕಡಲಿಗೆ ಇಳಿದಿದ್ದವು. ಬಂದರು ಪೂರ್ತಿ ಐಸು ಐಸು ಎಂದು ಕೂಗುವ ಕಾಲ ಅದು. ನಸುಕಿನಲ್ಲಿ ರಾಯಪುರಂನ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ಹತ್ತು ನಿಮಿಷಕ್ಕೆ ಬೆನ್ನು ಬೆವರಿನಿಂದ ಒದ್ದೆಯಾಗುತ್ತಿತ್ತು. ಕಾರ್ಖಾನೆಯ ಒಳಗೆ ಕಾಲಿಟ್ಟ ಮೇಲೆ ಚೆನ್ನೈ ಎಂಬುದೊಂದು ಊರು ಇರುವುದೇ ಮರೆತುಹೋಗುತ್ತಿತ್ತು. ಮೊಣಕಾಲಿನವರೆಗೆ ಬಿಳಿ ಮಂಜು. ಹಳದಿ ದೀಪದ ಕೆಳಗೆ ಆ ಮಂಜು ನಿಧಾನವಾಗಿ ಬಾಗಿಲಿನ ಕಡೆ ತೇಲುತ್ತಾ ಹೋಗಿ, ಹೊಸ್ತಿಲು ದಾಟಿದ ಕೂಡಲೇ ಕಾಣೆಯಾಗುತ್ತಿತ್ತು. ಎಷ್ಟೋ ಸಲ ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ನಿಂತಿದ್ದೇನೆ. ನಿದ್ದೆ ಪೂರ್ತಿ ಬಿಟ್ಟಿರುವುದಿಲ್ಲ, ಕಂಪ್ರೆಸರ್‌ನ ಗುಂಯ್ ಎಂಬ ಸದ್ದು ಎದೆಯೊಳಗಿಂದಲೇ ಬರುತ್ತಿರುವ ಹಾಗೆ ಇರುತ್ತದೆ.

ಐಸ್ ಆಗುವ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ನೆಲದಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿ, ಅದರ ಮೇಲೆ ಮರದ ಹಲಗೆಗಳ ಮುಚ್ಚಳ. ತೊಟ್ಟಿಯಲ್ಲಿ ಸಾಲಾಗಿ ಇಳಿಬಿಟ್ಟ ಉದ್ದನೆಯ ತಗಡಿನ ಡಬ್ಬಿಗಳು, ಡಬ್ಬಿಗಳಲ್ಲಿ ಸಿಹಿನೀರು. ಅಮೋನಿಯ ಉಪ್ಪುನೀರನ್ನು ತಣಿಸುತ್ತದೆ, ಉಪ್ಪುನೀರು ಡಬ್ಬಿಯೊಳಗಿನ ನೀರನ್ನು ಗಡ್ಡೆ ಕಟ್ಟಿಸುತ್ತದೆ. ಅದಕ್ಕೆ ಹೆಚ್ಚುಕಡಿಮೆ ಒಂದು ಇಡೀ ದಿನ ಬೇಕು. ಆಮೇಲೆ ಕ್ರೇನಿನಿಂದ ಡಬ್ಬಿಗಳನ್ನೆತ್ತಿ, ಸಾದಾ ನೀರಿನಲ್ಲಿ ಒಂದಿಷ್ಟು ಅದ್ದಿ, ಬಗ್ಗಿಸಿದರೆ ಗಡ್ಡೆ ಜಾರಿ ಬರುತ್ತದೆ. ಅದನ್ನು ಕೊಕ್ಕೆಯಿಂದ ಎಳೆದು ಕ್ರಷರ್‌ಗೆ ತಳ್ಳಿದರೆ ಮುಳ್ಳಿನ ಉರುಳೆ ಅದನ್ನು ಪುಡಿಮಾಡುತ್ತದೆ. ಪುಡಿ ತಗಡಿನ ಜಾರುಬಂಡಿಯ ಮೇಲಿಂದ ಹೊರಗೆ ನಿಂತ ವ್ಯಾನಿಗೆ ಸುರಿಯುತ್ತದೆ.

ಎಲ್ಲವೂ ವ್ಯಾನಿಗೆ ಬೀಳುತ್ತಿರಲಿಲ್ಲ. ಜಾರುಬಂಡಿಯ ತುದಿಗೂ ವ್ಯಾನಿನ ಅಂಚಿಗೂ ನಡುವೆ ಒಂದಷ್ಟು ಸಂದು. ಅಲ್ಲಿಂದ ಚೂರುಗಳು ಕಲ್ಲುಹಾಸಿನ ಮೇಲೆ ಚೆಲ್ಲುತ್ತಿದ್ದವು. ಗೋಡೆಯ ಪಕ್ಕ ಏಳೆಂಟು ಹೆಂಗಸರು ಬುಟ್ಟಿ, ಅಲ್ಯುಮಿನಿಯಂ ಬೋಗುಣಿ ಹಿಡಿದು ಕುಳಿತಿರುತ್ತಿದ್ದರು. ಹರಾಜಿನಲ್ಲಿ ಸ್ವಲ್ಪ ಸ್ವಲ್ಪ ಮೀನು ಕೊಂಡು ಬೀದಿ ಬೀದಿ ತಿರುಗಿ ಮಾರುವವರು. ವ್ಯಾನ್ ಹೊರಟ ಮೇಲೆ ಅವರು ಎದ್ದು ಬಂದು ಬಿದ್ದ ಚೂರನ್ನು ಕೈಯಿಂದ ಬಳಿದುಕೊಳ್ಳುತ್ತಿದ್ದರು. ಯಾರೂ ಸಲಿಕೆ ತರುತ್ತಿರಲಿಲ್ಲ, ಜಾರುಬಂಡಿಯ ಮೇಲಿದ್ದುದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೊದಲ ವ್ಯಾನಿನದು ಇಬ್ಬರಿಗೆ, ಎರಡನೆಯದು ಇನ್ನಿಬ್ಬರಿಗೆ. ಈ ನಿಯಮಗಳನ್ನು ಯಾರು ಮಾಡಿದರೋ ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಹಾಗೇ ನಡೆದಿತ್ತು, ಹಾಗಾಗಿ ನಾನದನ್ನು ನೋಡಿಯೇ ಇರಲಿಲ್ಲ ಎನ್ನಬೇಕು.

ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಅವಳಿಗೆ ನಾನು ತಂಬಿ, ಅಂದರೆ ತಮ್ಮ. ಪೆರಂಬೂರಿನ ಒಂದೇ ಬೀದಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮೀನು ಮಾರಿದವಳು. ಶನಿವಾರ ಮಾತ್ರ ಮೊದಲು ನಮ್ಮ ಮನೆಗೆ ಬಂದು, ನಮ್ಮವ್ವನಿಗೆ ಮೀನು ಕೊಟ್ಟು, ಆಮೇಲೆ ಪೆರಂಬೂರಿಗೆ ಹೋಗುತ್ತಿದ್ದಳು. ಅವ್ವ ಬೆಟಗೇರಿಯ ಕಡೆಯವಳು. ಮದ್ರಾಸಿಗೆ ಬಂದು ಅರ್ಧ ಆಯುಷ್ಯ ಕಳೆದರೂ ತಮಿಳು ಕಲಿಯಲಿಲ್ಲ. ಅಕ್ಕನಿಗೆ ಕನ್ನಡದ ಗಂಧವಿಲ್ಲ. ಇಬ್ಬರೂ ಹೊಸ್ತಿಲಿನ ಆಚೆ ಈಚೆ ಕುಳಿತು, ಇವಳು ಕನ್ನಡದಲ್ಲಿ ಅವಳು ತಮಿಳಿನಲ್ಲಿ, ಅರ್ಧ ಗಂಟೆ ಸುಖದುಃಖ ಮಾತಾಡುತ್ತಿದ್ದರು. ಅಕ್ಕನ ಮಾತನ್ನೂ ನಮ್ಮ ಮಾಲೀಕರ ಮಾತನ್ನೂ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಆ ವರ್ಷ ಹಂಗಾಮಿನ ಎರಡನೆಯ ವಾರದಲ್ಲೇ ಯಂತ್ರ ಕೈಕೊಟ್ಟಿತು. ಬಿಸಿಯಾದ ಅಮೋನಿಯವನ್ನು ನೀರಿನಿಂದ ತಣಿಸುವ ಕಂಡೆನ್ಸರ್‌ನ ಕೊಳವೆಗಳಲ್ಲಿ ಸುಣ್ಣದ ಪೊರೆ ಕಟ್ಟಿತ್ತು. ನಮ್ಮ ಬೋರಿನ ನೀರು ಅಂಥದು, ಬಾಯಿಗೆ ಹಾಕಿದರೆ ಉಪ್ಪು. ಒತ್ತಡ ಏರುತ್ತಿತ್ತು, ಕಂಪ್ರೆಸರ್ ನಡುನಡುವೆ ತಾನಾಗಿಯೇ ನಿಲ್ಲುತ್ತಿತ್ತು. ವ್ಯಾನುಗಳು ಕಾಯುತ್ತವೆಂದು ಡಬ್ಬಿಗಳನ್ನು ಬೇಗ ಎತ್ತಿದರೆ ಗಡ್ಡೆಯ ನಡುವೆ ಇನ್ನೂ ನೀರು. ಬಗ್ಗಿಸಿದಾಗ ಹೊಟ್ಟೆ ಒಡೆದು ಬಳಕ್ಕನೆ ಸುರಿಯುತ್ತಿತ್ತು. ಕೊಳವೆ ತೊಳೆಯಬೇಕಾದರೆ ಒಂದು ದಿನ ಪೂರ್ತಿ ಯಂತ್ರ ನಿಲ್ಲಿಸಬೇಕು. ಆ ಹಂಗಾಮಿನಲ್ಲಿ ನಿಲ್ಲಿಸುವ ಮಾತನ್ನು ಎತ್ತಲು ನನಗೂ ಧೈರ್ಯವಿರಲಿಲ್ಲ.

ಮಾಲೀಕರು ಒಳ್ಳೆಯ ಮನುಷ್ಯ. ನಾವು ತಿಂಗಳಿಗೊಮ್ಮೆ ಕನ್ನಡ ಆರಾಧನೆಗೆ ಹೋಗುವ ಚರ್ಚಿನಲ್ಲೇ ಅವರು ತಮಿಳು ಸಭೆಯ ಹಿರಿಯರು. ಬೈಗುಳದ ಮಾತು ಅವರ ಬಾಯಿಂದ ನಾನು ಕೇಳಿಲ್ಲ.

“ನಿಲ್ಲಿಸೋದು ಈಗ ಬೇಡ. ಇರೋ ಐಸಿನಲ್ಲಿ ಎಲ್ಲೆಲ್ಲಿ ಪೋಲಾಗ್ತಿದೆ ನೋಡಿ. ಅದನ್ನ ನಿಲ್ಸಿ ಸಾಕು” ಎಂದರು.

ಇಂಥ ಕೆಲಸ ಹೇಳಿದರೆ ನನಗೆ ಹಬ್ಬ. ಒಂದು ನೋಟುಬುಕ್ಕು ಹಿಡಿದು ಎರಡು ದಿನ ಕಾರ್ಖಾನೆ ಸುತ್ತಿದೆ. ಸಾದಾ ನೀರಿನಲ್ಲಿ ಡಬ್ಬಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅದ್ದಿಟ್ಟು ಗಡ್ಡೆ ಕರಗಿಸುತ್ತಿದ್ದರು, ಅದನ್ನು ಬರೆದುಕೊಂಡೆ. ತೊಟ್ಟಿಯ ಎರಡು ಹಲಗೆ ಬಿರುಕು ಬಿಟ್ಟು ಚಳಿ ಹೊರಗೆ ಹೋಗುತ್ತಿತ್ತು, ಅದನ್ನೂ ಬರೆದುಕೊಂಡೆ. ಮೂರನೆಯದಾಗಿ ನನ್ನ ಕಣ್ಣಿಗೆ ಬಿದ್ದದ್ದು ಜಾರುಬಂಡಿಯ ತುದಿ. ಕಣ್ಣೆದುರಿಗೇ ಚೆಲ್ಲುತ್ತಿದೆ, ಇಷ್ಟು ದಿನ ಹೇಗೆ ಬಿಟ್ಟೆ ಎಂದು ನನಗೇ ನಾಚಿಕೆಯಾಯಿತು.

ಹಳೆಯ ಕನ್ವೇಯರ್ ಬೆಲ್ಟಿನ ದಪ್ಪ ರಬ್ಬರ್ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕತ್ತರಿಸಿ, ಜಾರುಬಂಡಿಯ ತುದಿಗೆ ಬಿಜಾಗರಿ ಹಾಕಿ ಕೂಡಿಸಿ, ಒಂದು ಅಗಲವಾದ ನಾಲಿಗೆ ಮಾಡಿದೆ. ವ್ಯಾನ್ ಬಂದು ನಿಂತಾಗ ಸರಪಳಿ ಸಡಿಲಿಸಿದರೆ ನಾಲಿಗೆ ವ್ಯಾನಿನೊಳಗೆ ಮಲಗುತ್ತದೆ. ಎರಡು ಪಕ್ಕಕ್ಕೂ ರಬ್ಬರಿನ ಪರದೆ. ಮರುದಿನ ನಸುಕಿನಲ್ಲಿ ಮೊದಲ ವ್ಯಾನ್ ತುಂಬಿತು, ಹೊರಟಿತು. ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಕಲ್ಲು ಬರೀ ಒದ್ದೆ. ಒಂದು ಚೂರೂ ಇರಲಿಲ್ಲ. ಕ್ರಷರ್ ನಡೆಸುವವನ ಬೆನ್ನು ತಟ್ಟಿ, ಎರಡು ಟೀ ತರಿಸಿದೆ.

ಗೋಡೆಯ ಪಕ್ಕದಲ್ಲಿದ್ದವರು ಎದ್ದು ಬಂದರು. ಕಲ್ಲನ್ನು ನೋಡಿದರು, ನಾಲಿಗೆಯನ್ನು ನೋಡಿದರು, ಮತ್ತೆ ಹೋಗಿ ಕುಳಿತರು. ಮುಂದಿನ ವ್ಯಾನಿಗೆ ಬೀಳಬಹುದು ಎಂದುಕೊಂಡಿರಬೇಕು. ಐದು ವ್ಯಾನ್ ಹೋದ ಮೇಲೆ ಅಕ್ಕ ಬುಟ್ಟಿಯನ್ನು ತಲೆಗೇರಿಸಿ ನನ್ನ ಹತ್ತಿರ ಬಂದಳು.

“ಚೆನ್ನಾಗಿ ಮಾಡಿದೀಯ ತಂಬಿ, ಒಂದು ತುಣುಕೂ ಬೀಳಲ್ಲ” ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಶನಿವಾರ ನನಗೆ ರಜೆ. ಅಕ್ಕ ಎಂದಿನಂತೆ ಬಂದು ಹೊಸ್ತಿಲ ಹತ್ತಿರ ಬುಟ್ಟಿ ಇಳಿಸಿದಳು. ಅವ್ವ ಒಂದು ಸಂಕರಾ ಮೀನನ್ನೆತ್ತಿ ಕಿವಿರು ಬಿಡಿಸಿ ನೋಡಿದಳು, ಹೊಟ್ಟೆ ಒತ್ತಿದಳು, ವಾಪಸ್ ಇಟ್ಟಳು. ಇನ್ನೊಂದನ್ನೆತ್ತಿ ಅದನ್ನೂ ಇಟ್ಟಳು.

“ಯಾಕವ್ವಾ, ಇವತ್ತ ಕಿವಿರು ಕರ್ರಗಾಗ್ಯಾವಲ್ಲ? ಬೆರಳ ಒತ್ತಿದ್ರ ಕುಳಿ ಹಂಗ ಉಳೀತೈತಿ.”

ಅಕ್ಕನಿಗೆ ಮಾತು ತಿಳಿಯಲಿಲ್ಲ, ವಿಷಯ ತಿಳಿಯಿತು. ತಲೆ ತಗ್ಗಿಸಿದಳು. “ಐಸ್ ಇಲ್ಲಮ್ಮ. ಐಸ್ ಇಲ್ಲದೆ ಈ ಬಿಸಿಲಿಗೆ ಮೀನು ಎಷ್ಟು ಹೊತ್ತು ನಿಲ್ಲುತ್ತೆ? ಪೆರಂಬೂರಲ್ಲಿ ನಿನ್ನೆ ಮೂರು ಮನೆಯವರು ಇನ್ನು ಬರಬೇಡ ಅಂದುಬಿಟ್ಟರು. ಆ ಬೀದಿ ಹೋದರೆ ನನಗೆ ಬೇರೆ ಬೀದಿ ಎಲ್ಲಿದೆ?”

ನಾನು ಒಳಗೆ ಪೇಪರ್ ಓದುತ್ತಿದ್ದವನು ಹಾಗೇ ಕುಳಿತೆ. ಕೊಂಡುಕೊಳ್ಳಬಾರದೇ ಎಂದರೆ, ನಾವು ಇಡೀ ಗಡ್ಡೆಗಿಂತ ಕಡಿಮೆ ಮಾರುವುದಿಲ್ಲ. ನಾಲ್ಕು ಜನ ಸೇರಿ ಕೊಂಡರೂ, ವ್ಯಾನುಗಳ ಸಾಲು ಮುಗಿದು ಕ್ರಷರ್ ಖಾಲಿಯಾಗುವ ಹೊತ್ತಿಗೆ ಅವರ ವ್ಯಾಪಾರದ ವೇಳೆಯೇ ಮುಗಿದಿರುತ್ತದೆ. ಅವ್ವ ಆ ದಿನ ಎರಡು ಮೀನು ತೆಗೆದುಕೊಂಡಳು. ಸಾರು ಮಾಡಿದಳು, ಯಾರಿಗೂ ತಿನ್ನಲಾಗಲಿಲ್ಲ.

ಮಧ್ಯಾಹ್ನ ಅವ್ವನ ಪಕ್ಕ ಕುಳಿತು ನಾಲಿಗೆಯ ಕಥೆ ಪೂರ್ತಿ ಹೇಳಿದೆ. ಅವಳು ನನಗೆ ಹೇಳುತ್ತಿಲ್ಲವೇನೋ ಎಂಬ ಹಾಗೆ, ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

“ನಾ ಸಣ್ಣಾಕಿ ಇದ್ದಾಗ ಶೇಂಗಾದ ಹಕ್ಕಲ ಆರಸಾಕ ಹೋಗತಿದ್ವಿ. ಹೊಲದವರು ಶೇಂಗಾ ಕಿತ್ತಗೊಂಡ ಹೋದ ಮ್ಯಾಲೆ ಮಣ್ಣಾಗ ಉಳದಿದ್ದು ನಮ್ದು. ಒಬ್ಬ ಗೌಡ ಇದ್ದ, ಭಾಳ ಹುಷಾರ. ಕಿತ್ತ ಹೊಲಾನ ಮತ್ತೊಮ್ಮೆ ಹರಗಿಸಿ, ಒಂದ ಕಾಯಿ ಬಿಡದಂಗ ಆರಸಕೊಂಡ. ಊರಾಗ ಅವ್ನ ಯಾರೂ ಕಳ್ಳ ಅನ್ಲಿಲ್ಲ. ಆದ್ರ ಅವ್ನ ಹೊಲದ ದಾರಿ ಹಿಡಿದು ಯಾರೂ ನಡೀಲಿಲ್ಲ.”

ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲ್ ಓದುವವನು ನಾನೇ, ಅವ್ವನ ಕಣ್ಣು ಮಂಜಾಗಿ ವರ್ಷಗಳಾದವು. ಆ ದಿನ ಅವಳು “ಹೊಲದ ಅಂಚಿಂದು ಓದಪಾ” ಎಂದಳು. ಪೈರು ಕೊಯ್ಯುವಾಗ ಅಂಚಿನವರೆಗೆ ಕೊಯ್ಯಬಾರದು, ಉದುರಿದ್ದನ್ನು ಆರಿಸಿಕೊಳ್ಳಬಾರದು, ಅದು ಬಡವರಿಗೂ ಪರದೇಶಿಗೂ ಇರಲಿ ಎಂಬ ಭಾಗ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ. ನನಗೆ ಹೊಲವಿಲ್ಲವಲ್ಲ, ಅದಕ್ಕೇ ಆ ಮಾತು ನನ್ನದಲ್ಲ ಎಂದುಕೊಂಡಿದ್ದೆ.

ಸೋಮವಾರ ಮಾಲೀಕರಿಗೆ ಹೇಳಿದೆ. ಅವರ ಮುಖ ನಿಜವಾಗಿಯೂ ಸಣ್ಣದಾಯಿತು. “ಅಯ್ಯೋ, ಮೊದಲೇ ಹೇಳಬಾರದಾ? ದಿನಕ್ಕೆ ಎರಡು ಗಡ್ಡೆ ಅವರಿಗೆ ಅಂತ ಎತ್ತಿಡಿ. ಹೆಸರು ಬರ್ಕೊಂಡು ಟೋಕನ್ ಕೊಡಿ, ಜಗಳ ಆಗಬಾರದು” ಎಂದರು. ಬಿದ್ದು ಹೋಗುತ್ತಿದ್ದುದಕ್ಕಿಂತ ಎರಡು ಗಡ್ಡೆ ಹೆಚ್ಚೇ. ಸಮಸ್ಯೆ ಬಗೆಹರಿಯಿತು ಎಂದು ಹಗುರಾಗಿ ನಾನೇ ಕಾರ್ಡ್‌ಬೋರ್ಡ್ ಕತ್ತರಿಸಿ ಟೋಕನ್ ಮಾಡಿದೆ. ಇದು ಎರಡನೆಯ ತಪ್ಪು.

ಮೊದಲ ದಿನ ಟೋಕನ್ ಪಡೆದವರು ಎಂಟು ಜನ. ಮೂರನೆಯ ದಿನ ಗೇಟಿನ ಹತ್ತಿರ ಮೂವತ್ತು ಜನ. ಅಷ್ಟು ವರ್ಷ ಒಬ್ಬರಿಗೊಬ್ಬರು ಬುಟ್ಟಿ ಎತ್ತಿಕೊಟ್ಟ ಹೆಂಗಸರು ಈಗ ಯಾರ ಹೆಸರು ಮೊದಲು ಬರೆದದ್ದು ಎಂದು ಕೂಗಾಡುತ್ತಿದ್ದರು. ಕಾವಲುಗಾರ ಕೋಲು ಹಿಡಿದು ಸಾಲು ನಿಲ್ಲಿಸಿದ. ಆಂಧ್ರದ ಕಡೆಯಿಂದ ಹೊಸದಾಗಿ ಬಂದ ಒಬ್ಬಳಿಗೆ ಟೋಕನ್ ಇರಲಿಲ್ಲ. ಮೊದಲಾದರೆ ಗೋಡೆಯ ಪಕ್ಕ ಜರುಗಿ ಕೂತು ಅವಳಿಗೂ ಒಂದು ವ್ಯಾನ್ ಬಿಡುತ್ತಿದ್ದರು. ಈಗ ಯಾರೋ ಅವಳ ಬೋಗುಣಿಯನ್ನು ಕಾಲಿನಿಂದ ಒದ್ದರು. ಅದು ಕಲ್ಲಿನ ಮೇಲೆ ಉರುಳುತ್ತಾ ಹೋದ ಸದ್ದು ಕಂಪ್ರೆಸರ್ ಸದ್ದಿನ ನಡುವೆಯೂ ನನಗೆ ಕೇಳಿಸಿತು.

ಅಕ್ಕ ಆ ಸಾಲಿನಲ್ಲಿ ಇರಲಿಲ್ಲ. ಹರಾಜಿನ ಕಟ್ಟೆಯ ಹತ್ತಿರ ಹುಡುಕಿ ಹೋದೆ. ಅವಳ ಟೋಕನ್ ನನ್ನ ಜೇಬಿನಲ್ಲೇ ಇತ್ತು, ಕೊಡಲು ಹೋದೆ. ಅವಳು ಕೈ ಚಾಚಲಿಲ್ಲ.

“ನೀನು ಬಿಡ್ತಿದ್ದೆ, ನಾನು ಬಳ್ಕೊಳ್ತಿದ್ದೆ ತಂಬಿ. ಅದು ನನ್ನ ಕೆಲಸ. ನಸುಕಿಗೆ ಎದ್ದು ಬರ್ತಿದ್ದೆ, ಬೆನ್ನು ಬಗ್ಗಿಸ್ತಿದ್ದೆ. ಈಗ ಸಾಲಿನಲ್ಲಿ ನಿಂತು ಕೈ ಒಡ್ಡು ಅಂತೀಯ. ಭಿಕ್ಷೆ ಎತ್ತೋದಾದರೆ ಮೀನು ಯಾಕೆ ಹೊರಬೇಕು?”

ಟೋಕನ್ ಮತ್ತೆ ಜೇಬಿಗೆ ಹಾಕಿಕೊಂಡೆ. ಕಡಲ ಕಡೆ ತಿರುಗಿದೆ. ಸೂರ್ಯ ಆಗಷ್ಟೇ ಬಂದಿದ್ದ, ದೋಣಿಗಳ ಬಣ್ಣಗಳೆಲ್ಲ ನೀರಿನಲ್ಲಿ ಕಲಸಿಹೋಗಿದ್ದವು. ಶನಿವಾರ ಸಂಜೆ ಓದಿದ ಮಾತು ಆಗ ಇನ್ನೊಂದು ರೀತಿಯಲ್ಲಿ ಕೇಳಿಸಿತು. ಅಲ್ಲಿ ಬಡವರಿಗೆ ಅಳೆದು ಕೊಡು ಎಂದು ಇರಲಿಲ್ಲ, ಬಿಡು ಎಂದಷ್ಟೇ ಇತ್ತು. ಕೊಟ್ಟರೆ ಕೊಟ್ಟವನು ಎದುರಿಗೆ ನಿಂತಿರುತ್ತಾನೆ. ಬಿಟ್ಟು ಹೋದರೆ ಅಲ್ಲಿ ಹೊಲ ಮಾತ್ರ ಇರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ನನಗೆ ತಿಳಿಯಲು ಐವತ್ತೆರಡು ವರ್ಷ ಹಿಡಿಯಿತು.

ಅದೇ ದಿನ ಮಾಲೀಕರ ಕೋಣೆಗೆ ಹೋದೆ. ಐಸ್ ಕಡಿಮೆಯಾಗಿರುವುದು ಕಂಡೆನ್ಸರ್‌ನಿಂದ, ನೆಲಕ್ಕೆ ಬೀಳುವ ಚೂರಿನಿಂದಲ್ಲ. ಒಂದು ದಿನ ಯಂತ್ರ ನಿಲ್ಲಿಸಿ ಕೊಳವೆ ತೊಳೆದರೆ ಪೂರ್ತಿ ಐಸ್ ಬರುತ್ತದೆ ಎಂದೆ. “ಬರದೇ ಹೋದರೆ?” ಎಂದರು. ಬರದೇ ಹೋದರೆ ದೋಣಿಯವರು ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ, ಹೋದವರು ಆ ವರ್ಷ ಹಿಂದೆ ಬರುವುದಿಲ್ಲ. ಆಗ ನನಗೆ ಆ ಗೇಟಿನೊಳಗೆ ಮುಖವಿರುವುದಿಲ್ಲ. ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕುಳಿತರು.

“ನಮ್ಮಪ್ಪ ಭಾನುವಾರ ಯಂತ್ರ ಓಡಿಸ್ತಾನೇ ಇರಲಿಲ್ಲ. ನಾನೇ ಶುರು ಮಾಡಿದ್ದು. ಭಾನುವಾರ ನಿಲ್ಲಿಸಿ” ಎಂದರು.

ರಬ್ಬರ್ ನಾಲಿಗೆಯ ಬಗ್ಗೆ ನಾನು ಯೋಚಿಸಿದ್ದನ್ನು ಅವರಿಗೆ ಹೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರೋ ಏನೋ, ಕೇಳುವ ಧೈರ್ಯ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಐದಕ್ಕೆ ಕಂಪ್ರೆಸರ್ ನಿಲ್ಲಿಸಿದೆವು. ಆ ಸದ್ದು ನಿಂತಾಗ ಕಟ್ಟಡವೇ ಉಸಿರು ಬಿಟ್ಟಂತಾಯಿತು. ಹಲಗೆಗಳ ಕೆಳಗೆ ಉಪ್ಪುನೀರು ಅಲುಗಾಡದೆ ಮಲಗಿತ್ತು, ಮಂಜು ನಿಂತಲ್ಲೇ ನಿಂತಿತು. ದೂರದ ಚರ್ಚಿನ ಗಂಟೆ ಕೇಳಿಸಿತು. ಕ್ರಷರ್‌ನವನು, ಇನ್ನಿಬ್ಬರು ಫಿಟ್ಟರ್‌ಗಳು ಮತ್ತು ನಾನು ಕಂಡೆನ್ಸರ್‌ನ ಎರಡು ತುದಿಯ ಮುಚ್ಚಳ ಬಿಚ್ಚಿದೆವು. ಕೊಳವೆಗಳ ಬಾಯಿಗಳೆಲ್ಲ ಸುಣ್ಣದಿಂದ ಕಿರಿದಾಗಿದ್ದವು, ಕೆಲವದರಲ್ಲಿ ಕಿರುಬೆರಳೂ ಹೋಗುತ್ತಿರಲಿಲ್ಲ. ಉದ್ದ ಸರಳಿಗೆ ತಂತಿ ಬ್ರಷ್ ಕಟ್ಟಿ ಒಂದೊಂದಾಗಿ ಉಜ್ಜಿದೆವು. ಹಾಲಿನಂಥ ನೀರು ಹರಿದು ಹೊರಗಿನ ಮೋರಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ತುದಿಯಲ್ಲಿ ಕಣ್ಣಿಟ್ಟರೆ ಇನ್ನೊಂದು ತುದಿಯ ಬೆಳಕು ಗುಂಡಗೆ ಕಾಣಿಸತೊಡಗಿತು. ಸಾಲು ಸಾಲಾಗಿ ಸಣ್ಣ ಸಣ್ಣ ಚಂದ್ರರು. ಫಿಟ್ಟರ್‌ಗಳನ್ನೂ ಕರೆದು ತೋರಿಸಿದೆ.

ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಳ ಬಿಗಿದು, ಅಮೋನಿಯ ಎಲ್ಲಾದರೂ ಸೋರುತ್ತಿದೆಯೇ ಎಂದು ಗಂಧಕದ ಬತ್ತಿ ಹಚ್ಚಿ ಕವಾಟಗಳ ಸುತ್ತ ಆಡಿಸಿದೆವು. ಸೋರಿದ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಒಂದು ಕಡೆ ಎದ್ದಿತು, ಬಿಗಿದೆವು, ನಿಂತಿತು. ಈ ಸೋರಿಕೆ ನಿಲ್ಲಿಸಬೇಕಾದದ್ದು, ಆ ಇನ್ನೊಂದು ಅಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಸಂಜೆ ನಾಲ್ಕಕ್ಕೆ ಯಂತ್ರ ಶುರುವಾಯಿತು. ಒತ್ತಡದ ಮುಳ್ಳು ನಡುಗುತ್ತಾ ಏರಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅರ್ಧ ಗಂಟೆ ಅದನ್ನೇ ನೋಡುತ್ತಾ ಕುಳಿತೆ. ಅಲುಗಲಿಲ್ಲ.

ಎಲ್ಲರೂ ಕೈ ತೊಳೆಯಲು ಹೋದಾಗ ಚಾಕು ಹಿಡಿದು ಜಾರುಬಂಡಿಯ ಹತ್ತಿರ ಹೋದೆ. ಪಕ್ಕದ ಪರದೆಗಳನ್ನು ಬಿಚ್ಚಿದೆ. ನಾಲಿಗೆಯ ಎರಡು ಅಂಚಿನಿಂದಲೂ ಒಂದೊಂದು ಗೇಣು ರಬ್ಬರ್ ಕತ್ತರಿಸಿ ತೆಗೆದೆ. ನನ್ನ ಕೈಯಾರೆ ಮಾಡಿದ, ಒಂದು ಹನಿಯೂ ಸೋರದ ಕೆಲಸವನ್ನು ನಾನೇ ಕತ್ತರಿಸಿ, ತುಂಡುಗಳನ್ನು ಸುತ್ತಿ ಅದೇ ಹಳೆಯ ಮೂಲೆಗೆ ಹಾಕಿದೆ.

ಸೋಮವಾರ ಗಡ್ಡೆಗಳು ಕಡಿಮೆಯೇ ಇದ್ದವು, ಎರಡು ವ್ಯಾನ್ ಬೈದುಕೊಂಡು ಖಾಲಿ ಹೋದವು. ಮಂಗಳವಾರ ಗಡ್ಡೆ ನಡುವಿನವರೆಗೂ ಗಟ್ಟಿಯಾಗಿ ಬಂತು. ಬುಧವಾರ ನಸುಕಿನಲ್ಲಿ ಮಾಲೀಕರೇ ನೋಡಲು ಬಂದರು. ವ್ಯಾನ್ ತುಂಬುತ್ತಿತ್ತು. ನಾಲಿಗೆಯ ಎರಡು ಬದಿಯಿಂದ ಚೂರುಗಳು ಮಿನುಗುತ್ತಾ ಕಲ್ಲಿನ ಮೇಲೆ ಬೀಳುತ್ತಿದ್ದವು. ಟೋಕನ್‌ಗಳನ್ನು ನಾನು ಒಲೆಗೆ ಹಾಕಿದ್ದೆ. ಗೋಡೆಯ ಪಕ್ಕ ಹೆಂಗಸರು ಕುಳಿತಿದ್ದರು, ಆಂಧ್ರದವಳೂ ಇದ್ದಳು.

“ಇನ್ನೂ ಬೀಳ್ತಿದೆಯಲ್ಲ. ಸರಿಯಾಗಲಿಲ್ಲವಾ?” ಎಂದರು ಮಾಲೀಕರು.

“ಸರಿಯಾಗಿದೆ ಸಾರ್. ಅಂಚು ಬಿಟ್ಟಿದ್ದೇನೆ” ಎಂದೆ.

ಅವರು ಸಭೆಯಲ್ಲಿ ಎಷ್ಟೋ ವರ್ಷ ಬೈಬಲ್ ಪಾಠ ಓದಿದವರು. ಅಂಚು ಎಂದದ್ದು ಅವರಿಗೆ ತಿಳಿಯದೇ ಇರಲಿಲ್ಲ. ನನ್ನನ್ನೊಮ್ಮೆ ನೋಡಿದರು, ಬೀಳುತ್ತಿದ್ದ ಐಸನ್ನು ನೋಡಿದರು. ವ್ಯಾನ್ ಹೊರಟಿತು. ಒಂದು ದೊಡ್ಡ ತುಂಡು ಉರುಳಿ ಗಟಾರದ ಅಂಚಿಗೆ ಬಂದಿತ್ತು. ಅವರು ಅದನ್ನು ಬೂಟಿನ ತುದಿಯಿಂದ ಮೆಲ್ಲಗೆ ಗೋಡೆಯ ಕಡೆಗೆ ತಳ್ಳಿ, ಕಾರಿನ ಕಡೆ ನಡೆದರು.

ಅಕ್ಕ ಮಾತ್ರ ಬಂದಿರಲಿಲ್ಲ. ಗುರುವಾರವೂ ಇಲ್ಲ. ಅವಳಿಗೆ ಹೇಳಿ ಕಳಿಸಲು ನನಗೆ ಬಾಯಿ ಬರಲಿಲ್ಲ, ಹೇಳಿ ಕಳಿಸಿದರೆ ಅದೂ ಕೊಟ್ಟ ಹಾಗೇ ಆಗುತ್ತದೆ ಎನಿಸಿತು. ಶುಕ್ರವಾರ ಕೆಲಸದ ಗಡಿಬಿಡಿಯಲ್ಲಿ ಗೋಡೆಯ ಕಡೆ ನೋಡಲೇ ಆಗಲಿಲ್ಲ.

ಶನಿವಾರ ಬಾಗಿಲಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. ಅಕ್ಕ ನನ್ನ ಕಡೆ ನೋಡಲಿಲ್ಲ, ಅವ್ವನ ಮುಂದೆ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. ಮೀನಿನ ಮೇಲೆಲ್ಲ ಐಸಿನ ಚೂರು. ನಮ್ಮ ಕ್ರಷರ್‌ನ ಮುಳ್ಳಿನ ಗುರುತು ನನಗೆ ಗೊತ್ತಾಗದೇ ಇರುತ್ತದೆಯೇ? ಅವ್ವ ಒಂದು ಮೀನೆತ್ತಿ ಕಿವಿರು ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದಳು.

“ಕೆಂಪಗ ಅದಾವ” ಎಂದಳು.

“ಪೆರಂಬೂರಲ್ಲಿ ಇಬ್ಬರು ಮತ್ತೆ ಬಾ ಅಂದಿದಾರೆ. ಮೂರನೆಯವರು ಇನ್ನೂ ಬಾಗಿಲು ತೆಗೆದಿಲ್ಲ. ತೆಗೀತಾರೆ” ಎಂದಳು ಅಕ್ಕ, ಯಾರಿಗೆಂದಿಲ್ಲದೆ.

ಮೀನೆತ್ತುವಾಗ ಒಂದು ಚೂರು ಬುಟ್ಟಿಯಿಂದ ಜಾರಿ ಹೊಸ್ತಿಲಿನ ಈಚೆ ಬಿತ್ತು. ಅಕ್ಕ ಎತ್ತಿಕೊಳ್ಳಲು ಕೈ ಚಾಚಿದಳು. ಎಂಬತ್ತು ದಾಟಿದ ಅವ್ವ ಅವಳಿಗಿಂತ ಚುರುಕಾಗಿ ಬಗ್ಗಿ ಅದನ್ನು ಹಿಡಿದುಬಿಟ್ಟಳು.

“ಬಿದ್ದಿದ್ದು ನಂದು!”

“ಅಯ್ಯೋ ಪಾಟ್ಟಿ, ಅದು ಮೀನ್ ಐಸ್!” ಎಂದು ನನ್ನ ಮಗಳು ಒಳಗಿನಿಂದ ಅಜ್ಜಿಗೆ ತಮಿಳಿನಲ್ಲಿ ಕೂಗಿದಳು. ಅವ್ವ ಕೇಳಿಸಿಕೊಳ್ಳಲಿಲ್ಲ. ಆ ಚೂರನ್ನು ಕುತ್ತಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿ, ಕರಗುವವರೆಗೂ ಹಾಗೇ ಕುಳಿತಿದ್ದಳು. ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬುಟ್ಟಿ ಮುಚ್ಚದೆ, ಅವಳ ಎದುರು ಕುಳಿತೇ ಇದ್ದಳು.